ದೂರದ ಬೆಂಕಿಬೆಟ್ಟ, ನಮ್ಮ ಮಳೆ



ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಬೆಂಕಿ ಕಾರುವ ಬೆಟ್ಟ ಒಂದೂ ಇಲ್ಲ. ಹಾಗಿದ್ದ ಮೇಲೆ ಅದರ ಮಾತು ನಮಗೇಕೆ ಅಂತೀರಾ? ಕೇಳಿ.

1815ರ ಏಪ್ರಿಲ್ ತಿಂಗಳಲ್ಲಿ ಇಂಡೊನೇಷ್ಯಾದ ತಂಬೋರಾ ಎಂಬ ಅಗ್ನಿಪರ್ವತ ಸಿಡಿಯಿತು. ಅಲ್ಲಿ ಬೂದಿ ಬಿದ್ದು ಬೆಳೆ ಹಾಳಾಗಿ, ಹಸಿವು, ರೋಗಗಳಿಂದ ಹತ್ತಾರು ಸಾವಿರ ಜನ ಸತ್ತರು. 1816ರಲ್ಲಿ ಪಶ್ಚಿಮ ಯೂರೋಪಿನಲ್ಲಿ ಬೇಸಗೆಯೇ ಕಾಣದೆ ಪೈರು ಮಾಗಲಿಲ್ಲ. ಭಾರತದಲ್ಲಿಯೂ ಮುಂಗಾರು ಹದ ತಪ್ಪಿತು.

ಇದು ಹೇಗೆ? ಬೂದಿ ಬೇಗ ನೆಲಕ್ಕಿಳಿಯುತ್ತದೆ. ಗಂಧಕದ ಹೊಗೆ ಮಾತ್ರ ಮೋಡಗಳಿಗಿಂತ ಮೇಲೇರಿ, ಸಣ್ಣ ಹನಿಗಳಾಗಿ ಲೋಕವನ್ನೆಲ್ಲ ಸುತ್ತುತ್ತದೆ. ಅಷ್ಟೆತ್ತರದಲ್ಲಿ ಅದನ್ನು ತೊಳೆಯಲು ಮಳೆಯಿಲ್ಲ. ಒಂದೆರಡು ವರ್ಷ ಬಿಸಿಲಿಗೆ ಚಪ್ಪರ ಹಾಕಿದಂತಾಗುತ್ತದೆ. 1991ರಲ್ಲಿ ಫಿಲಿಪೈನ್ಸಿನ ಪಿನಟೂಬೊ ಸಿಡಿದ ಮೇಲೆ ಭೂಮಿಯ ಕಾವು ಸುಮಾರು ಅರ್ಧ ಡಿಗ್ರಿ ಇಳಿಯಿತು. ನೆಲ ಚೆನ್ನಾಗಿ ಕಾದರೆ ತಾನೆ ಸಮುದ್ರದ ತೇವದ ಗಾಳಿ ಒಳಕ್ಕೆ ಬರುವುದು? ಕಾವು ತಗ್ಗಿದರೆ ಮುಂಗಾರೂ ಸೊರಗಬಹುದು. ಕೊಡಗಿನಲ್ಲಿ ಮಳೆ ಸೊರಗಿದರೆ ಕನ್ನಂಬಾಡಿ ಕಟ್ಟೆ ತುಂಬದು, ನಮ್ಮ ನಾಲೆಗೆ ನೀರು ಸಾಲದು.

ಹಾಗೆಂದು ಮಳೆ ಕೆಟ್ಟಾಗಲೆಲ್ಲ ದೂರದ ಬೆಟ್ಟವನ್ನು ದೂರಬೇಡಿ. ಬೇರೆ ಕಾರಣಗಳೇ ಹೆಚ್ಚು. ಕಾರಣ ಯಾವುದಾದರೂ ನಾವು ಮಾಡಬೇಕಾದ್ದು ಒಂದೇ. ಹಿಂದೆ ನಮ್ಮ ಹಿರಿಯರು ಹಗೇವಿನಲ್ಲಿ ರಾಗಿ ತುಂಬಿ ಕೆಟ್ಟ ಕಾಲಕ್ಕೆ ಇಡುತ್ತಿದ್ದರು. ನೀರು ಬಂತೆಂದು ಜಮೀನಿಗೆಲ್ಲ ಕಬ್ಬು, ಭತ್ತವನ್ನೇ ಹಾಕಬೇಡಿ. ಒಂದು ಪಾಲು ರಾಗಿಗೆ, ಹುರುಳಿಗೆ ಬಿಡಿ. ಮನೆಗೆ ಒಂದು ವರ್ಷದ ರಾಗಿಯನ್ನೂ ಮುಂದಿನ ಬಿತ್ತನೆಗೆ ಬೀಜವನ್ನೂ ತೆಗೆದಿಟ್ಟು, ಮಿಕ್ಕದ್ದನ್ನು ಮಾರಿಕೊಳ್ಳಿ.