ಮಳೆಗಾಲ ದಾಟುವ ನೀರುಳ್ಳಿ: ಗುಟ್ಟು ಇರುವುದು ಕುತ್ತಿಗೆಯಲ್ಲಿ

ಮುಂಬಯಿ: ಕರಾವಳಿಯವರಿಗೆ ನೀರುಳ್ಳಿ, ಉತ್ತರ ಕರ್ನಾಟಕದವರಿಗೆ ಉಳ್ಳಾಗಡ್ಡಿ, ಬೆಂಗಳೂರು ಕಡೆಯವರಿಗೆ ಈರುಳ್ಳಿ, ಇಲ್ಲಿನ ಮಾರುಕಟ್ಟೆಗೆ ಬಂದರೆ ಕಾಂದಾ. ಹೆಸರು ಯಾವುದಾದರೂ ಮಳೆಗಾಲದಲ್ಲಿ ಕೇಳಿಬರುವ ದೂರು ಒಂದೇ. ಮೇ ತಿಂಗಳಲ್ಲಿ ಅಗ್ಗವೆಂದು ಚೀಲದಲ್ಲಿ ತಂದಿಟ್ಟದ್ದು ಜುಲೈ ಹೊತ್ತಿಗೆ ಕೊಳೆತು ನಾರುತ್ತದೆ, ಇಲ್ಲವೇ ಮೊಳಕೆಯೊಡೆಯುತ್ತದೆ. ಮನೆಯವರಿಗೆ ನಾಲ್ಕೈದು ಕಿಲೋ ನಷ್ಟ, ಹೋಟೆಲಿನವರಿಗೆ ಚೀಲಗಳ ನಷ್ಟ, ಬೆಳೆದವನಿಗೆ ವರ್ಷದ ದುಡಿಮೆಯೇ ನಷ್ಟ. ಆದರೆ ಗಡ್ಡೆ ಎಷ್ಟು ದಿನ ಬಾಳುತ್ತದೆ ಎಂಬುದು ಬಹುಮಟ್ಟಿಗೆ ಅಡುಗೆಮನೆಗೆ ಬರುವ ಮೊದಲೇ, ಹೊಲದಲ್ಲಿ ತೀರ್ಮಾನವಾಗಿರುತ್ತದೆ.

ಕೀಳುವ ಹೊತ್ತು

ನಾಸಿಕ್ ಜಿಲ್ಲೆಯ ಲಾಸಲ್‌ಗಾಂವ್, ಪಿಂಪಳ್‌ಗಾಂವ್ ಸುತ್ತಿನ ರೈತರು ಡಿಸೆಂಬರ್-ಜನವರಿಯಲ್ಲಿ ಸಸಿ ನೆಟ್ಟು, ಮಾರ್ಚ್ ಕೊನೆಯಿಂದ ಮೇ ವರೆಗೆ ಕೀಳುವ ಬೆಳೆಗೆ 'ಉನ್ಹಾಳಿ ಕಾಂದಾ' ಎನ್ನುತ್ತಾರೆ. ದಾಸ್ತಾನಿಗೆ ಒಗ್ಗುವುದು ಈ ಬೇಸಿಗೆ ಬೆಳೆಯೇ. ಗಡ್ಡೆ ಬಲಿತಾಗ ಎಲೆಗಳ ಬುಡ, ಅಂದರೆ ಕುತ್ತಿಗೆ, ಮೆತ್ತಗಾಗಿ ಎಲೆಗಳು ತಾವಾಗಿಯೇ ಬಾಗಿ ಬೀಳುತ್ತವೆ. ಹೊಲದ ಅರ್ಧದಷ್ಟು ಗಿಡಗಳು ಹೀಗೆ ಬಿದ್ದಾಗ ಕೊಯ್ಲಿಗೆ ಸರಿಯಾದ ಹೊತ್ತು. ಅದಕ್ಕೆ 10-15 ದಿನ ಮೊದಲೇ ನೀರು ನಿಲ್ಲಿಸಬೇಕು. ತೂಕ ಬರಲೆಂದು ಕೊನೆಯವರೆಗೂ ನೀರು ಬಿಟ್ಟು, ಯೂರಿಯಾ ಹೆಚ್ಚು ಸುರಿದರೆ ಗಡ್ಡೆ ದಪ್ಪವಾಗುತ್ತದೆ ನಿಜ. ಅದರೊಂದಿಗೆ ಕುತ್ತಿಗೆಯೂ ದಪ್ಪವಾಗಿ, ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಕೊಳೆರೋಗ ಒಳಹೊಗುವುದು ಆ ದಾರಿಯಲ್ಲೇ.

ಕಿತ್ತ ಗಡ್ಡೆಗಳನ್ನು ಸಾಲಾಗಿ, ಒಂದು ಸಾಲಿನ ಎಲೆ ಇನ್ನೊಂದು ಸಾಲಿನ ಗಡ್ಡೆಗಳನ್ನು ಮುಚ್ಚುವಂತೆ ಹಾಸಿ 3ರಿಂದ 5 ದಿನ ಹೊಲದಲ್ಲೇ ಬಿಡುತ್ತಾರೆ. ನೇರ ಬಿಸಿಲು ಬಿದ್ದರೆ ಗಡ್ಡೆ ಬೆಂದಂತಾಗುತ್ತದೆ. ಅನಂತರ ಸುಮಾರು ಒಂದು ಇಂಚು ಕುತ್ತಿಗೆ ಉಳಿಸಿ ಎಲೆ ಕತ್ತರಿಸಿ, ನೆರಳಿನಲ್ಲಿ 10-15 ದಿನ ಆರಿಸಬೇಕು. ಆಗ ಕುತ್ತಿಗೆ ಬಿಗಿದು ಮುಚ್ಚುತ್ತದೆ, ಹೊರಸಿಪ್ಪೆ ಒಣಗಿ ಸರಸರ ಸದ್ದು ಮಾಡುತ್ತದೆ, ಬಣ್ಣವೂ ಏರುತ್ತದೆ.

ಕಾಂದಾ ಚಾಳಿಯ ಲೆಕ್ಕಾಚಾರ

ಹೀಗೆ ಆರಿದ ಗಡ್ಡೆಗಳು ಸೇರುವುದು 'ಕಾಂದಾ ಚಾಳಿ'ಗೆ. ನೆಲದಿಂದ ಒಂದೂವರೆ-ಎರಡು ಅಡಿ ಎತ್ತರದಲ್ಲಿ ಬಿದಿರು ಅಥವಾ ಮರದ ಪಟ್ಟಿಗಳ ತಳ, ಗಾಳಿಯಾಡುವ ಜಾಲಂದ್ರದ ಗೋಡೆ, ಮಳೆ ಎರಚದಂತೆ ಹೊರಚಾಚಿದ ಮಾಡು. ತಗಡಿನಷ್ಟು ಕಾಯದ ಮಂಗಳೂರು ಹೆಂಚು ಇದಕ್ಕೆ ಒಳ್ಳೆಯದು. ರಾಶಿ ಐದಡಿಗಿಂತ ಎತ್ತರವಾದರೆ ಕೆಳಗಿನ ಗಡ್ಡೆಗಳು ನಲುಗುತ್ತವೆ. 25-30 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ. 65-70ರ ತೇವಾಂಶದಲ್ಲಿ ಉತ್ತಮ ಬೇಸಿಗೆ ತಳಿ ನಾಲ್ಕರಿಂದ ಆರು ತಿಂಗಳು ಬಾಳುತ್ತದೆ. ಹಾಗೆಂದು ನಷ್ಟವೇ ಇಲ್ಲವೆಂದಲ್ಲ. ತೂಕ ಇಳಿಯುತ್ತದೆ, ಕೆಲವು ಕೊಳೆಯುತ್ತವೆ, ಕೆಲವು ಮೊಳೆಯುತ್ತವೆ. ಭಾಭಾ ಅಣು ಸಂಶೋಧನಾ ಕೇಂದ್ರವು 2002ರಲ್ಲಿ ಲಾಸಲ್‌ಗಾಂವ್‌ನಲ್ಲಿ ಸ್ಥಾಪಿಸಿದ ವಿಕಿರಣ ಘಟಕವು ಮೊಳಕೆಯನ್ನು ತಡೆಯಬಲ್ಲದು. ಆದರೆ ಸರಿಯಾಗಿ ಆರಿಸದ ಗಡ್ಡೆ ಕೊಳೆಯುವುದನ್ನು ವಿಕಿರಣವೂ ತಪ್ಪಿಸಲಾರದು.

ಊರಿನ ರೈತನ ಕಷ್ಟ

ಹುಬ್ಬಳ್ಳಿ, ಗದಗ, ಬಾಗಲಕೋಟೆ, ವಿಜಯಪುರ, ಚಿತ್ರದುರ್ಗದ ಕಡೆ ಮುಖ್ಯವಾಗಿ ಬೆಳೆಯುವುದು ಮುಂಗಾರು ಉಳ್ಳಾಗಡ್ಡಿ. ಕೀಳುವ ಹೊತ್ತಿಗೆ ಮಣ್ಣಿನಲ್ಲಿ ಇನ್ನೂ ತೇವ, ತಲೆಯ ಮೇಲೆ ಮಳೆಮೋಡ. ಎಲೆ ತಾನಾಗಿ ಬೀಳುವುದಿಲ್ಲ, ಒಣಗಿಸಲು ಬಿಸಿಲೂ ಇಲ್ಲ. ಕಿತ್ತದ್ದನ್ನು ಒಡನೆಯೇ ಲಾರಿಗೆ ತುಂಬದೆ ಗತ್ಯಂತರವಿಲ್ಲ. ಎಲ್ಲರ ಮಾಲೂ ಒಟ್ಟಿಗೆ ಬಂದು ದರ ಕುಸಿದರೂ ಕಾಯುವಂತಿಲ್ಲ. ಚಾಳಿಯಿರುವ ನಾಸಿಕ್ ರೈತನಿಗೆ ದರ ನೋಡಿ ಮಾರುವ ಅವಕಾಶವಾದರೂ ಇದೆ. 2019ರಲ್ಲಿ ಮಳೆ ಹೆಚ್ಚಾಗಿ ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆ ಮುಂಗಾರು ಬೆಳೆ ಹಾಳಾದಾಗ, ಡಿಸೆಂಬರ್‌ನಲ್ಲಿ ಕಿಲೋ ದರ ನೂರು ರೂಪಾಯಿ ದಾಟಿತ್ತು. ದರ ಏರಿತ್ತು, ಮಾರಲು ಬಹಳ ರೈತರ ಕೈಯಲ್ಲಿ ಮಾಲಿರಲಿಲ್ಲ.

ಕರಾವಳಿಯಲ್ಲಿ ಇನ್ನೊಂದು ಬಗೆಯಿದೆ. ಕುಮಟಾ ಸಮೀಪದ ಅಳ್ವೇಕೋಡಿ, ಹಂದಿಗೋಣ ಸುತ್ತಿನ ಸಿಹಿ ನೀರುಳ್ಳಿಯ ಎಲೆ ಕತ್ತರಿಸದೆ, ಜಡೆಯಂತೆ ಹೆಣೆದು ಗೊಂಚಲು ಮಾಡಿ ಹೆದ್ದಾರಿ ಬದಿಯಲ್ಲಿ ಮಾರುತ್ತಾರೆ. ಬೇಸಿಗೆ ರಜೆಗೆ ಹೋದ ಮುಂಬಯಿಗರು ತಪ್ಪದೆ ತರುವ ಈ ಗೊಂಚಲನ್ನು ಬಿಚ್ಚಿ ಡಬ್ಬಿಗೆ ತುಂಬುವುದೇ ತಪ್ಪು. ನೇತುಹಾಕಿದರೆ ಪ್ರತಿ ಗಡ್ಡೆಗೂ ಸುತ್ತ ಗಾಳಿ ಸಿಗುತ್ತದೆ, ಒಂದು ಕೆಟ್ಟರೆ ಒಡನೆ ಕಣ್ಣಿಗೆ ಬೀಳುತ್ತದೆ.

ಮನೆಯಲ್ಲಿ, ಹೋಟೆಲಿನಲ್ಲಿ

ಕೊಳ್ಳುವಾಗ ಗಡ್ಡೆಯ ಕುತ್ತಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು ಸುಲಭ ಪರೀಕ್ಷೆ. ಗಟ್ಟಿಯಾಗಿ, ಒಣಗಿ, ತೆಳ್ಳಗಿದ್ದರೆ ಬಾಳುತ್ತದೆ. ಮೆತ್ತಗಿದ್ದರೆ ಮೊದಲು ಬಳಸಬೇಕು. ದಾಸ್ತಾನಿಗೆ ಅತಿ ದಪ್ಪದ್ದಕ್ಕಿಂತ ಮಧ್ಯಮ ಗಾತ್ರದ್ದು ವಾಸಿ. ಪ್ಲಾಸ್ಟಿಕ್ ಚೀಲ, ಸಿಂಕಿನ ಕೆಳಗಿನ ಕಪಾಟು, ಬಟಾಟೆಯ ಬುಟ್ಟಿ ಮೂರೂ ಬೇಡ. ಇಡೀ ಗಡ್ಡೆಗೆ ಫ್ರಿಜ್ ಕೂಡ ಹೇಳಿದ್ದಲ್ಲ. ಅಲ್ಲಿನ ತಂಪು ಮತ್ತು ತೇವ ಮೊಳಕೆಗೆ ಅನುಕೂಲ. ಬಲೆಯ ಚೀಲವನ್ನು ಗಾಳಿಯಾಡುವಲ್ಲಿ ನೇತುಹಾಕಿ, ವಾರಕ್ಕೊಮ್ಮೆ ಸುರುವಿ ಕೆಟ್ಟದ್ದನ್ನು ಆರಿಸಿ ತೆಗೆಯಬೇಕು. ಹೋಟೆಲಿನವರು ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಸರಿಸಿ ಇಡುವುದು ಒಳಿತು. ಸಿಪ್ಪೆಯ ಮೇಲಿನ ಕಪ್ಪು ಪುಡಿ ಒಂದು ಬಗೆಯ ಬೂಷ್ಟು. ಒಳಗೆ ಗಟ್ಟಿಯಿದ್ದರೆ ಮೇಲಿನ ಪದರ ತೆಗೆದು ತೊಳೆದು ಬಳಸಬಹುದು.

ಇಷ್ಟಾದರೂ ಜುಲೈ ತಿಂಗಳ ಮುಂಬಯಿ ಗಾಳಿಯ ತೇವ ಶೇ. 80 ದಾಟುವುದುಂಟು. ಉತ್ತಮವಾಗಿ ಆರಿದ ಗಡ್ಡೆಯೂ ಇಲ್ಲಿ ನಾಸಿಕ್‌ನ ಚಾಳಿಯಲ್ಲಿ ಬಾಳಿದಷ್ಟು ಬಾಳದು. ಆದುದರಿಂದ ಮಳೆಗಾಲದಲ್ಲಿ ಹದಿನೈದು ದಿನಕ್ಕೆ ಬೇಕಾದಷ್ಟೇ ತರುವುದು ಲೇಸು. ಊರಿನಲ್ಲಿ ಬೇಸಿಗೆ ಬೆಳೆ ತೆಗೆಯುವವರು ಕೊನೆಯ ನೀರಿನ ಆಸೆ ಬಿಟ್ಟು, ಎರಡು ವಾರದ ನೆರಳು ಕೊಟ್ಟರೆ ಮಾರುವ ದಿನವನ್ನು ತಾವೇ ಆರಿಸಿಕೊಳ್ಳಬಹುದು.