ಎರಡು ತಿಂಗಳಿಗೊಂದು ಕಾರು: ಕೊಳ್ಳುವುದೋ, ಬಾಡಿಗೆಯೋ?

ಆಸ್ಟ್ರೇಲಿಯಾದಲ್ಲಿ ಓದುವ ಮಕ್ಕಳಿಗೆ ನವೆಂಬರಿನಲ್ಲಿ ಪರೀಕ್ಷೆ ಮುಗಿದರೆ ಮತ್ತೆ ತರಗತಿ ಶುರುವಾಗುವುದು ಫೆಬ್ರವರಿಯ ಕೊನೆಗೆ. ನಮ್ಮಲ್ಲಿ ಚಳಿ, ಅಲ್ಲಿ ಬೇಸಿಗೆ. ಅಪ್ಪ ಅಮ್ಮನನ್ನು ಕರೆಸಿಕೊಂಡು ದೇಶ ತೋರಿಸಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಟಿಕೆಟ್ಟು, ವೀಸಾ ಎಲ್ಲ ಆದ ಮೇಲೆ ಮೆಲ್ಬರ್ನಿನಿಂದ ಮೈಸೂರಿಗೋ ದಾವಣಗೆರೆಗೋ ಒಂದು ಫೋನು ಬರುತ್ತದೆ: ‘ಅಪ್ಪಾ, ಎರಡು ತಿಂಗಳು ಬಾಡಿಗೆ ಕಟ್ಟೋ ದುಡ್ಡಲ್ಲಿ ಒಂದು ಹಳೇ ಕಾರೇ ಬರುತ್ತೆ. ಸುತ್ತಾಡಿ ಆಮೇಲೆ ಮಾರಿಬಿಡೋಣ.’

ಮಗನ ಮಾತು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ.

ಆ ದೇಶದ ವಿಸ್ತಾರ ನಕ್ಷೆ ನೋಡಿದರೆ ತಿಳಿಯುವುದಿಲ್ಲ. ಮೆಲ್ಬರ್ನಿನಿಂದ ಸಿಡ್ನಿಗೆ ಸುಮಾರು 880 ಕಿಲೋಮೀಟರ್, ಅಡಿಲೇಡಿಗೆ 730. ನಡುನಾಡಿನ ಕೆಂಪು ಬಂಡೆ ಉಲುರು ನೋಡಲೇಬೇಕೆಂದು ಹೊರಟರೆ ಒಂದು ದಿಕ್ಕಿನ ಹಾದಿಯೇ ಬೆಂಗಳೂರಿನಿಂದ ದಿಲ್ಲಿಗಿಂತ ಹೆಚ್ಚು. ನಗರದೊಳಗೆ ಟ್ರಾಮು, ರೈಲು ಸಾಕು. ಊರು ದಾಟಿದರೆ ಕಾರು ಬೇಕೇ ಬೇಕು. ರಸ್ತೆಯ ಎಡಗಡೆಯ ಸಂಚಾರವೆಂಬುದು ನಮ್ಮವರಿಗೆ ಸಮಾಧಾನದ ಸಂಗತಿ. ಮೆಲ್ಬರ್ನಿನ ನಡುಪೇಟೆಯ ಕೆಲವು ವೃತ್ತಗಳಲ್ಲಿ ಮಾತ್ರ ಬಲಕ್ಕೆ ತಿರುಗಬೇಕಾದವರು ಎಡತುದಿಗೆ ಹೋಗಿ ನಿಂತು ಕಾಯಬೇಕು, ಟ್ರಾಮಿಗೆ ದಾರಿ ಬಿಡುವುದಕ್ಕಾಗಿ. ಇಪ್ಪತ್ತು ವರ್ಷ ಕಾರು ಓಡಿಸಿದ ಅಪ್ಪಂದಿರೂ ಅಲ್ಲಿ ಒಮ್ಮೆ ಬೆವರುತ್ತಾರೆ.

ಲೆಕ್ಕಕ್ಕೆ ಬರೋಣ. ಕೆಳಗಿನ ಅಂಕಿಗಳು ಊಹೆಯವು. ನೀವು ಹೋಗುವ ವರ್ಷದ ದರಗಳನ್ನು ಅವುಗಳ ಜಾಗದಲ್ಲಿ ಹಾಕಿಕೊಂಡರೆ ಸಾಕು. ಮಧ್ಯಮ ಗಾತ್ರದ ಕಾರಿನ ಬಾಡಿಗೆ ದಿನಕ್ಕೆ 60 ಡಾಲರ್, ಅಪಘಾತವಾದರೆ ಕೈಯಿಂದ ತೆರಬೇಕಾದ ಮೊತ್ತವನ್ನು ತಗ್ಗಿಸಿಕೊಳ್ಳಲು ದಿನಕ್ಕೆ ಇನ್ನೂ 20 ಎಂದಿಟ್ಟುಕೊಳ್ಳಿ. ಎಂಟು ವಾರಕ್ಕೆ, ಅಂದರೆ 56 ದಿನಕ್ಕೆ, 4,480 ಡಾಲರ್ ಆಯಿತು.

ಈಗ ಕೊಳ್ಳುವವರ ಲೆಕ್ಕ. ಕಾರು 7,000ಕ್ಕೆ ಸಿಕ್ಕಿತು, ಹೋಗುವಾಗ 5,000ಕ್ಕೆ ಮಾರಿದರು. ಕೈಬಿಟ್ಟದ್ದು 2,000. ಮಗನ ಲೆಕ್ಕ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ಆದರೆ ಹೆಸರು ಬದಲಾಯಿಸಲು ರಾಜ್ಯ ಸರ್ಕಾರಕ್ಕೆ ಸುಂಕ ಕಟ್ಟಬೇಕು, 300 ಎನ್ನಿ. ಕೊಳ್ಳುವ ಮುನ್ನ ಬಲ್ಲ ಮೆಕ್ಯಾನಿಕ್ಕಿಗೆ ತೋರಿಸಲು 250. ವಿಮೆಗೆ 250. ದೂರದ ಹಾದಿಗೆ ಮುಂಚೆ ಸರ್ವೀಸು 250, ಸವೆದ ಎರಡು ಟೈರು ಬದಲಿಸಲು 500. ಮಾರುವ ಹೊತ್ತಿಗೆ ವಾಹನ ಯೋಗ್ಯವೆಂಬ ಪ್ರಮಾಣಪತ್ರ ಮತ್ತು ಅದಕ್ಕಾಗಿ ಮಾಡಿಸುವ ರಿಪೇರಿಗೆ 500. ಒಟ್ಟು 4,050. ಬಾಡಿಗೆಗಿಂತ ಉಳಿದದ್ದು 430 ಡಾಲರ್, ಅದೂ ಕಾರು ದಾರಿಯಲ್ಲಿ ಕೈಕೊಡದಿದ್ದರೆ! ಪೆಟ್ರೋಲು ಇಬ್ಬರಿಗೂ ಒಂದೇ.

ಅವಧಿ ನಾಲ್ಕೇ ವಾರವಾದರೆ ಬಾಡಿಗೆ 2,240ಕ್ಕೆ ಇಳಿಯುತ್ತದೆ, ಕೊಳ್ಳುವವರ ಖರ್ಚು ಹೆಚ್ಚೇನೂ ಇಳಿಯುವುದಿಲ್ಲ. ಹದಿನಾರು ವಾರವಾದರೆ ಬಾಡಿಗೆ 8,960. ಆಗ ಕೊಂಡವರೇ ಜಾಣರು. ಈ ಅಂಕಿಗಳ ಪ್ರಕಾರ ಎರಡು ತಿಂಗಳ ಆಸುಪಾಸಿನಲ್ಲಿ ತಕ್ಕಡಿ ಸಮವಾಗುತ್ತದೆ.

ಈ ತಕ್ಕಡಿಗೆ ಹಾಕದೆ ಬಿಟ್ಟದ್ದು ದಿನಗಳನ್ನು. ಒಳ್ಳೆಯ ಕಾರು ಹುಡುಕಿ ಕೊಳ್ಳಲು ಒಂದು ವಾರ, ಮಾರಲು ಹತ್ತು ದಿನವಾದರೂ ಬೇಕು. ಅಪ್ಪ ಅಮ್ಮ ರಜೆ ಹಾಕಿ ಬಂದಿರುವುದೇ ಎಂಟು ವಾರ. ಅದರಲ್ಲಿ ಎರಡೂವರೆ ವಾರ ಅಪರಿಚಿತರ ಮನೆ ಅಂಗಳದಲ್ಲಿ ಬಾನೆಟ್ಟು ಎತ್ತಿ ನೋಡುವುದರಲ್ಲೇ ಕಳೆದರೆ ಉಳಿದ 430 ಡಾಲರಿನಿಂದ ಏನು ಬಂತು? ವಿಮಾನದ ತಾರೀಖು ಹತ್ತಿರವಾದಷ್ಟೂ ಕೊಳ್ಳುವವರ ಕೈ ಮೇಲಾಗುತ್ತದೆ. ‘ಗುರುವಾರ ಊರಿಗೆ ಹೊರಟಿದ್ದೇವೆ’ ಎಂದು ಬಾಯಿಬಿಟ್ಟವರಿಗೆ 5,000 ಹೋಗಿ 3,500 ಸಿಕ್ಕಿದರೂ ಆಶ್ಚರ್ಯವಿಲ್ಲ.

ಆದ್ದರಿಂದ ಅಲ್ಲಿಯೇ ಉಳಿದು ಓದುವ ಮಗನ ಅಥವಾ ಮಗಳ ಪ್ರಶ್ನೆ ಬೇರೆ, ಬಂದುಹೋಗುವ ಅಪ್ಪ ಅಮ್ಮನ ಪ್ರಶ್ನೆ ಬೇರೆ. ಮುಂದಿನ ಎರಡು ವರ್ಷ ಓದು, ಅರೆಕಾಲಿಕ ಕೆಲಸ ಎಂದು ಓಡಾಡಲು ಕಾರು ಹೇಗೂ ಬೇಕಿದ್ದರೆ ಅದನ್ನು ಸೆಪ್ಟೆಂಬರಿನಲ್ಲೇ ನಿಧಾನವಾಗಿ ನೋಡಿ ಕೊಂಡುಬಿಡುವುದು ಮೇಲು. ಮಾರುವ ಅವಸರವೇ ಇರುವುದಿಲ್ಲ. ಓದು ಮುಗಿದು ಹೊರಡುವ ಕೊನೆಯ ರಜೆಯಲ್ಲಿ ಕಾರು ಕೊಳ್ಳುವುದು ಮಾತ್ರ ತಲೆನೋವನ್ನು ದುಡ್ಡು ಕೊಟ್ಟು ತಂದಂತೆ.

ಕಾಗದಪತ್ರದ ಕಥೆ

ಕಾರಿನ ಕಾನೂನು ಅಲ್ಲಿ ರಾಜ್ಯಕ್ಕೊಂದು. ವಿಕ್ಟೋರಿಯಾದಲ್ಲಿ ನೋಂದಣಿಯಿರುವ ಕಾರು ಮಾರುವವರು ಹಿಂದಿನ 30 ದಿನಗಳೊಳಗೆ ಪಡೆದ ಯೋಗ್ಯತಾ ಪತ್ರ ಕೊಡಬೇಕು, ಅದನ್ನು ಆ ರಾಜ್ಯದ ಪರವಾನಗಿ ಪಡೆದ ಪರೀಕ್ಷಕರೇ ಬರೆಯಬೇಕು. ಕ್ವೀನ್ಸ್‌ಲೆಂಡಿನಲ್ಲಿ ‘ಮಾರಾಟಕ್ಕಿದೆ’ ಎಂದು ಫಲಕ ಹಾಕುವ ಹೊತ್ತಿಗೇ ಸುರಕ್ಷತಾ ಪತ್ರ ಸಿದ್ಧವಿರಬೇಕು. ಪಶ್ಚಿಮ ಆಸ್ಟ್ರೇಲಿಯಾದ ನೋಂದಣಿಯಿರುವ ಕಾರಿಗೆ ಹೆಸರು ಬದಲಾವಣೆಯ ವೇಳೆ ಇಂಥ ತಪಾಸಣೆಯ ಗೊಡವೆಯಿಲ್ಲ. ದೇಶ ಸುತ್ತುವ ಯುವಕರು ಆ ರಾಜ್ಯದ ನಂಬರ್ ಪ್ಲೇಟನ್ನು ಇಷ್ಟಪಡುವುದು ಇದಕ್ಕೇ. ತಪಾಸಣೆ ಇಲ್ಲವೆಂದರೆ ಕಾರು ಸರಿಯಿದೆ ಎಂದೇನೂ ಅರ್ಥವಲ್ಲ ಎನ್ನುವುದನ್ನು ಅವರು ಮರೆಯುತ್ತಾರೆ. ಮೆಲ್ಬರ್ನಿನಲ್ಲಿ ಕೊಂಡು ಪರ್ತ್‌ನಲ್ಲಿ ಮಾರುವ ಉಪಾಯ ಹೂಡಿದವರಿಗೆ ಸುಮಾರು 3,400 ಕಿಲೋಮೀಟರ್ ಆಚೆ ವಿಕ್ಟೋರಿಯಾದ ಪರೀಕ್ಷಕರು ಎಲ್ಲಿಂದ ಸಿಕ್ಕಾರು?

ಕೊಳ್ಳುವವರು ತಪ್ಪದೆ ಮಾಡಬೇಕಾದದ್ದು ಇನ್ನೊಂದಿದೆ. ವಾಹನದ ಮೇಲೆ ಸಾಲವಿದೆಯೇ, ಅದು ಕಳವಿನ ಮಾಲೇ, ಹಿಂದೆ ಅಪಘಾತದಲ್ಲಿ ಗುಜರಿಯೆಂದು ಬರೆದುಹಾಕಿದ್ದೇ ಎಂಬುದನ್ನು ತಿಳಿಸುವ ಪಿಪಿಎಸ್‌ಆರ್ ಎಂಬ ರಾಷ್ಟ್ರೀಯ ದಾಖಲೆ 2012ರಿಂದ ಅಲ್ಲಿದೆ. ಕಾರಿನ ಗುರುತಿನ ಸಂಖ್ಯೆ ಕೊಟ್ಟು ಹುಡುಕಲು ತಗಲುವುದು ಎರಡು ಡಾಲರ್ ಮಾತ್ರ. ಹಿಂದಿನ ಮಾಲೀಕ ಸಾಲ ಉಳಿಸಿಕೊಂಡಿದ್ದರೆ, ಪ್ರಾಮಾಣಿಕವಾಗಿ ದುಡ್ಡು ಕೊಟ್ಟು ಕೊಂಡ ನಿಮ್ಮ ಮನೆಬಾಗಿಲಿನಿಂದಲೇ ಸಾಲ ಕೊಟ್ಟವರು ಕಾರು ಎಳೆದೊಯ್ಯಬಹುದು. ಎರಡು ಡಾಲರಿಗೆ ಜಿಪುಣತನ ಮಾಡಬಾರದು.

ವಿಮೆಯಲ್ಲಿರುವ ತೂತು

ಮನೆಯವರು ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ವಿಮೆಯನ್ನು. ನೋಂದಣಿಯ ಜತೆಗೆ ಕಡ್ಡಾಯವಾಗಿ ಬರುವ ವಿಮೆ ಅಪಘಾತದಲ್ಲಿ ಗಾಯಗೊಂಡ ಜನರಿಗೆ ಮಾತ್ರ ಅನ್ವಯಿಸುತ್ತದೆ. ಎದುರಿನ ಕಾರಿನ ಬಂಪರ್ ಮುರಿದರೆ, ಅಂಗಡಿಯ ಗೋಡೆ ಕುಸಿದರೆ ಅದರಿಂದ ಒಂದು ಪೈಸೆಯೂ ಬರುವುದಿಲ್ಲ. ‘ಇನ್ಶೂರೆನ್ಸ್ ಇದೆ’ ಎಂದು ಮಗ ಹೇಳಿದಾಗ ಯಾವುದು ಎಂದು ಕೇಳಿ. ನಾಲ್ಕು ಸಾವಿರದ ಕಾರಿನಲ್ಲಿ ಹೋಗಿ ಒಂದು ಲಕ್ಷದ ಕಾರಿಗೆ ಗುದ್ದಿದ ವಿದ್ಯಾರ್ಥಿ ಆ ಸಾಲವನ್ನು ಪದವಿ ಮುಗಿದ ಮೇಲೂ ತೀರಿಸುತ್ತಿರಬೇಕಾದೀತು. ಇತರರ ಆಸ್ತಿಯ ಹಾನಿಗೆಂದೇ ಬೇರೆ ವಿಮೆ ಇದೆ. ತನ್ನ ಕಾರಿಗೂ ಸೇರಿಸಿ ಮಾಡಿಸುವುದಕ್ಕಿಂತ ಅದು ಅಗ್ಗ. ಹಳೆಯ ಕಾರಿಗೆ ಅಷ್ಟಾದರೂ ಇರಲೇಬೇಕು.

ಇಲ್ಲೂ ಸಣ್ಣ ಅಕ್ಷರಗಳಿವೆ. ಪಾಲಿಸಿಯಲ್ಲಿ ಹೆಸರಿಲ್ಲದ ಗೆಳೆಯ ಸ್ಟಿಯರಿಂಗ್ ಹಿಡಿದಿದ್ದರೆ, ಅವನ ವಯಸ್ಸು 25ಕ್ಕಿಂತ ಕಡಿಮೆಯಿದ್ದರೆ, ಕೈಯಿಂದ ತೆರಬೇಕಾದ ಪಾಲು ಹೆಚ್ಚುತ್ತದೆ. ಸಂಜೆ ಅದೇ ಕಾರಿನಲ್ಲಿ ಊಟದ ಪೊಟ್ಟಣ ಹಂಚುವ ಕೆಲಸ ಮಾಡುತ್ತಿದ್ದು ವಿಮಾ ಕಂಪನಿಗೆ ತಿಳಿಸದಿದ್ದರೆ ಪರಿಹಾರವೇ ಸಿಗದಿರಬಹುದು.

ಬಾಡಿಗೆಯವರೇನೂ ಧರ್ಮಛತ್ರ ನಡೆಸುತ್ತಿಲ್ಲ. ಬಹುತೇಕ ಕಂಪನಿಗಳು 21 ತುಂಬದವರಿಗೆ ಕಾರು ಕೊಡುವುದಿಲ್ಲ, 25ರ ಒಳಗಿನವರಿಗೆ ದಿನದ ಲೆಕ್ಕದಲ್ಲಿ ಹೆಚ್ಚು ವಸೂಲಿ ಮಾಡುತ್ತವೆ. ಒಂದೂರಿನಲ್ಲಿ ಹತ್ತಿ ಇನ್ನೊಂದೂರಿನಲ್ಲಿ ಬಿಟ್ಟರೆ ಅದಕ್ಕೆ ಬೇರೆ ಶುಲ್ಕ. ಡಾಂಬರಿಲ್ಲದ ರಸ್ತೆಗೆ ಇಳಿದರೆ ವಿಮೆ ಬಿದ್ದುಹೋಗುವುದು ಸಾಮಾನ್ಯ ಷರತ್ತು. ಒಳನಾಡಿನಲ್ಲಿ ಸೂರ್ಯ ಮುಳುಗಿದ ಮೇಲೆ ಊರಾಚೆ ಓಡಿಸಕೂಡದೆಂದೂ ಅನೇಕ ಕರಾರುಗಳಲ್ಲಿರುತ್ತದೆ. ಇದು ಕಿರುಕುಳವೆನಿಸಬಹುದು, ಆದರೆ ಸುಮ್ಮನೆ ಬರೆದದ್ದಲ್ಲ. ಮುಸ್ಸಂಜೆಗೆ ಕಾಂಗರೂಗಳು ಮೇಯಲು ರಸ್ತೆಬದಿಗೆ ಬರುತ್ತವೆ, ದೀಪ ಕಂಡು ಕಾರಿಗೆ ಅಡ್ಡ ಹಾರುತ್ತವೆ. ಎದುರಿಗೆ 53 ಮೀಟರ್ ಉದ್ದದ ‘ರೋಡ್ ಟ್ರೇನ್’ ಲಾರಿ ಬರುತ್ತಿರುವಾಗ ತಪ್ಪಿಸಿಕೊಳ್ಳಲು ಜಾಗವೆಲ್ಲಿ? ಸ್ವಂತ ಕಾರಿನವರಿಗೆ ಇದನ್ನು ಬರೆದುಕೊಡುವವರಿಲ್ಲ, ಆದರೆ ನಿಯಮ ಅವರಿಗೂ ಒಂದೇ ಎಂದುಕೊಳ್ಳುವುದು ಒಳಿತು.

ಬಾಡಿಗೆ ಕೌಂಟರಿನಲ್ಲಿ ಚಾಲಕನ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ, ಠೇವಣಿಗೆಂದು ಅದರಲ್ಲಿ ಒಂದು ಮೊತ್ತವನ್ನು ತಡೆಹಿಡಿಯುತ್ತಾರೆ. ಅಪ್ಪ ತಮ್ಮ ಕಾರ್ಡನ್ನು ವಿದೇಶಿ ವಹಿವಾಟಿಗೆ ಊರಿನಲ್ಲಿರುವಾಗಲೇ ತೆರೆಸಿಕೊಂಡಿರಬೇಕು. ಇಂಗ್ಲಿಷಿನಲ್ಲಿರುವ ನಮ್ಮ ಪರವಾನಗಿಯಲ್ಲಿ ಪ್ರವಾಸಿಗರು ಓಡಿಸಬಹುದಾದರೂ ಆರ್‌ಟಿಒ ಕಚೇರಿಯಿಂದ ಒಂದು ವರ್ಷದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡರೆ ಕೌಂಟರಿನಲ್ಲಿ ವಾದವಿಲ್ಲ. ಓದಲು ಹೋದವರ ವಿಷಯ ಬೇರೆ: ವಿಕ್ಟೋರಿಯಾದಲ್ಲಿಯೂ ನ್ಯೂ ಸೌತ್ ವೇಲ್ಸ್‌ನಲ್ಲಿಯೂ ಆರು ತಿಂಗಳು ದಾಟಿ ನೆಲೆಸಿದವರು ಅಲ್ಲಿಯ ಪರವಾನಗಿ ಪಡೆಯಬೇಕು. ಊರಿನ ಕಾರ್ಡು ಜೇಬಿನಲ್ಲಿದೆ ಎಂಬ ಧೈರ್ಯದಲ್ಲಿ ವರ್ಷಗಟ್ಟಲೆ ಓಡಿಸುವವರು ಅಪಘಾತವಾದ ದಿನ ವಿಮೆಯನ್ನೂ ಕಳೆದುಕೊಳ್ಳಬಹುದು.

ಇವೆರಡರ ನಡುವೆ ಮೂರನೆಯ ದಾರಿಯೂ ಉಂಟು. ಮಗನ ಹಳೆಯ ಕಾರು ಊರ ಸುತ್ತಿನ ತಿರುಗಾಟಕ್ಕೆ, ಗ್ರೇಟ್ ಓಷನ್ ರೋಡಿನಂಥ ಎರಡು ಮೂರು ದಿನದ ಪ್ರವಾಸಕ್ಕೆ ಇರಲಿ. ಉಲುರುವಿಗೆ ವಿಮಾನದಲ್ಲಿ ಹೋಗಿ ಅಲ್ಲಿ ಮೂರು ದಿನ ಬಾಡಿಗೆಗೆ ಹಿಡಿಯಲಿ. ಹದಿನೈದು ವರ್ಷದ ಕಾರಿನಲ್ಲಿ ಅಮ್ಮನನ್ನು ಕೂರಿಸಿಕೊಂಡು, 200 ಕಿಲೋಮೀಟರಿಗೊಂದು ಪೆಟ್ರೋಲ್ ಬಂಕಿರುವ ಮರುಭೂಮಿ ದಾಟುವುದು ಸಾಹಸವೇ ಹೊರತು ಉಳಿತಾಯವಲ್ಲ.

ರಾಜ್ಯದ ಗಡಿಗಳಲ್ಲಿ ಹಣ್ಣು ತರಕಾರಿಗೆ ತಡೆಯಿರುವುದನ್ನೂ ಅಮ್ಮಂದಿರಿಗೆ ಮೊದಲೇ ಹೇಳಿರಬೇಕು. ಹಣ್ಣಿನ ನೊಣ ಹರಡದಿರಲೆಂದು ದಕ್ಷಿಣ ಮತ್ತು ಪಶ್ಚಿಮ ಆಸ್ಟ್ರೇಲಿಯಾಗಳು ಹೆದ್ದಾರಿಯಲ್ಲಿ ತಪಾಸಣೆ ನಡೆಸುತ್ತವೆ. ಪಶ್ಚಿಮದವರು ಜೇನುತುಪ್ಪವನ್ನೂ ಒಳಗೆ ಬಿಡುವುದಿಲ್ಲ. ಕಾರು ಸ್ವಂತದ್ದಾದರೂ ಬಾಡಿಗೆಯದಾದರೂ ಬುಟ್ಟಿ ಅಲ್ಲೇ ಖಾಲಿಯಾಗುತ್ತದೆ.

ಇನ್ನು ಕಾರು ಮಾರಿ ವಿಮಾನ ಹತ್ತುವವರಿಗೆ ಒಂದು ಕೆಲಸ ಬಾಕಿಯಿದೆ. ಹಣ ಎಣಿಸಿಕೊಂಡು ಬೀಗದ ಕೈ ಕೊಟ್ಟರೆ ವ್ಯವಹಾರ ಮುಗಿಯಲಿಲ್ಲ, ಮಾರಿದ್ದೇನೆಂದು ರಾಜ್ಯದ ಸಾರಿಗೆ ಕಚೇರಿಗೆ ಅಂದೇ ತಿಳಿಸಬೇಕು. ಇಲ್ಲವಾದರೆ ಹೊಸ ಮಾಲೀಕ ಸಿಟಿಲಿಂಕ್ ಸುಂಕದ ರಸ್ತೆಯಲ್ಲಿ ಓಡಾಡಿದ ಬಿಲ್ಲು, ವೇಗದ ಕ್ಯಾಮೆರಾ ಹಿಡಿದ ದಂಡ ಎಲ್ಲವೂ ಹಳೆಯ ಹೆಸರಿಗೇ ಬರುತ್ತವೆ, ಆ ಹೆಸರಿನವರು ಅಷ್ಟರಲ್ಲಿ ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿನ್ನುತ್ತಿದ್ದರೂ.