ಮುದಗಲ್ ಸೀಮೆ ಹಿಂದುಳಿದಿರುವುದು ಯಾತರಿಂದ?

ಕೃಷ್ಣಾ ತುಂಗಭದ್ರೆಗಳ ನಡುವಣ ದೋಆಬ ಪ್ರಾಂತಕ್ಕೆ ಹಿಂದಿನ ಅರಸರು ಕಟ್ಟಿದ ಬೆಲೆಯನ್ನು ಇತಿಹಾಸವನ್ನೋದಿದವರೆಲ್ಲರೂ ಬಲ್ಲರು. ವಿಜಯನಗರದವರೂ ಬಹಮನಿಯವರೂ, ತರುವಾಯ ವಿಜಾಪುರದ ಆದಿಲಶಾಹಿಯವರೂ ಮುದಗಲ್ ರಾಯಚೂರುಗಳ ಕೋಟೆಗಳಿಗಾಗಿ ತಲೆಮಾರುಗಟ್ಟಲೆ ನೆತ್ತರು ಹರಿಸಿದರು. ಅವರೆಲ್ಲರಿಗಿಂತ ಎಷ್ಟೋ ಹಿಂದೆ ಅಶೋಕ ಚಕ್ರವರ್ತಿಯು ತನ್ನ ಧರ್ಮಲಿಪಿಯನ್ನು ಮಸ್ಕಿಯ ಬಂಡೆಯ ಮೇಲೆ ಕೊರೆಯಿಸಿದನು. ೧೯೧೫ರಲ್ಲಿ ಅದು ಬೆಳಕಿಗೆ ಬಂದು, ದೇವಾನಾಂಪ್ರಿಯನೆಂಬವನು ಅಶೋಕನೇ ಎಂಬುದನ್ನು ಜಗತ್ತಿಗೆ ತಿಳಿಸಿಕೊಟ್ಟಿತು. ಹಟ್ಟಿಯ ಭೂಗರ್ಭದಲ್ಲಿ ಬಂಗಾರವಿದೆ. ಚಕ್ರವರ್ತಿಗಳು ಬಯಸಿ ಬಯಸಿ ಬಂದ ಇಂಥ ನಾಡಿನಿಂದ ಇಂದು ರೈತರೂ ಕೂಲಿಕಾರರೂ ಸುಗ್ಗಿ ಮುಗಿಯುತ್ತಲೇ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೊರಡುತ್ತಾರೆ. ಇದಕ್ಕೆ ಕಾರಣವೇನು?

ಬಹುಜನರ ಬಾಯಲ್ಲಿ ಸಿದ್ಧವಾಗಿರುವ ಉತ್ತರವು ನಿಜಾಮನ ಆಳಿಕೆಯೆಂಬುದು. ಅದು ಸುಳ್ಳಲ್ಲ. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉರ್ದುವೇ ಬೋಧನಭಾಷೆಯಾಯಿತು. ಕಚೇರಿಯ ಕಾಗದವೂ ಉರ್ದುವಿನಲ್ಲಿಯೇ ನಡೆಯಿತು. ಕನ್ನಡಿಗನ ಮಗನು ತನ್ನ ತಾಯ್ನೆಲದಲ್ಲಿಯೇ ಪರಕೀಯನಾದನು. ಒಂದು ಕಾಲಕ್ಕೆ ಜಿಲ್ಲೆಯ ಮುಖ್ಯಸ್ಥಳವಾಗಿದ್ದ ಲಿಂಗಸೂಗೂರು ೧೯೦೫ರಲ್ಲಿ ಆ ಪದವಿಯನ್ನೂ ಕಳೆದುಕೊಂಡಿತು. ಆದರೆ ೧೯೪೮ರ ಸೆಪ್ಟೆಂಬರಿನಲ್ಲಿ ಆ ಆಳಿಕೆ ಅಳಿಯಿತು; ೧೯೫೬ರ ನವೆಂಬರ ೧ರಂದು ಈ ಜಿಲ್ಲೆಗಳು ಕನ್ನಡ ರಾಜ್ಯವನ್ನು ಕೂಡಿಕೊಂಡವು. ಎರಡು ಮೂರು ತಲೆಮಾರುಗಳು ಕಳೆದ ಬಳಿಕವೂ ಸಕಲ ಕೊರತೆಗಳನ್ನೂ ಗತಿಸಿಹೋದ ನವಾಬನ ಲೆಕ್ಕಕ್ಕೆ ಬರೆಯುತ್ತ ಕುಳಿತರೆ, ಬದುಕಿರುವವರ ಹೊಣೆಯನ್ನು ವಿಚಾರಿಸುವವರು ಯಾರು?

ಮುಂದಾಳುಗಳಿಲ್ಲದ್ದರಿಂದ ಹೀಗಾಯಿತೆಂದು ಹೇಳುವವರೂ ಉಂಟು. ಈ ಮಾತು ಪರೀಕ್ಷೆಗೆ ನಿಲ್ಲಲಾರದು. ಹೈದರಾಬಾದ ಕರ್ನಾಟಕವು ರಾಜ್ಯಕ್ಕೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿದೆ: ಶ್ರೀ ವೀರೇಂದ್ರ ಪಾಟೀಲರು ಎರಡು ಸಲ, ಶ್ರೀ ಧರ್ಮಸಿಂಗರು ಒಂದು ಸಲ ಆ ಗಾದಿಯ ಮೇಲೆ ಕುಳಿತರು. ಮಂತ್ರಿಗಳ ಸಂಖ್ಯೆಯನ್ನಂತೂ ಎಣಿಸುವ ಕಾರಣವಿಲ್ಲ. ಹೀಗಿದ್ದೂ, ಪ್ರಾದೇಶಿಕ ಅಸಮಾನತೆಯನ್ನು ವಿಚಾರಿಸಲು ನೇಮಕವಾದ ಡಾಕ್ಟರ್ ಡಿ. ಎಂ. ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ ಒಪ್ಪಿಸಿದ ವರದಿಯು, ರಾಜ್ಯದ ೧೭೫ ತಾಲೂಕುಗಳಲ್ಲಿ ೩೯ನ್ನು ಅತ್ಯಂತ ಹಿಂದುಳಿದವುಗಳೆಂದು ಎಣಿಸಿತು. ಅವುಗಳೊಳಗೆ ೨೧ ಗುಲಬರ್ಗಾ ವಿಭಾಗದವು. ಲಿಂಗಸೂಗೂರು, ಸಿಂಧನೂರು, ಮಾನವಿ, ದೇವದುರ್ಗಗಳು ಆ ಪಟ್ಟಿಯಲ್ಲಿದ್ದವು. ವೀರೇಂದ್ರ ಪಾಟೀಲರ ಚಿಂಚೋಳಿಯೂ ಧರ್ಮಸಿಂಗರ ಜೇವರ್ಗಿಯೂ ಅದರಲ್ಲಿಯೇ ಇದ್ದವು! ದೊಡ್ಡ ಪದವಿಯು ಊರಿನವನೊಬ್ಬನಿಗೆ ದೊರೆತ ಮಾತ್ರದಿಂದ ಊರು ದೊಡ್ಡದಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಾಗಿಲ್ಲ.

ನೀರಿಲ್ಲದ್ದರಿಂದ ಹೀಗಾಯಿತೆಂಬುದು ಮೂರನೆಯ ಉತ್ತರ. ಇದನ್ನೂ ತೂಗಿ ನೋಡೋಣ. ತುಂಗಭದ್ರಾ ಆಣೆಕಟ್ಟು ೧೯೫೩ರಲ್ಲಿ ಮುಗಿಯಿತು. ಅದರ ಎಡದಂಡೆಯ ಕಾಲುವೆಯಿಂದ ಸಿಂಧನೂರಿನ ಸೀಮೆ ಭತ್ತದ ಕಣಜವಾಯಿತು. ಆದರೆ ಆ ಕಾಲುವೆಯ ಹೆಚ್ಚಿನ ಭಾಗವನ್ನು ಯೋಜಿಸಿದ್ದು ಅಲ್ಪ ನೀರಿನ ಬೆಳೆಗಳಿಗಾಗಿ. ಮೇಲ್ಭಾಗದಲ್ಲಿ ಭತ್ತದ ಗದ್ದೆಗಳು ಹಬ್ಬಿದ ಹಾಗೆಲ್ಲ ಮಾನವಿ ರಾಯಚೂರುಗಳ ಕೊನೆಯ ಹೊಲಗಳು ಒಣಗಿದವು. ಜಲಾಶಯದಲ್ಲಿ ಹೂಳು ತುಂಬಿ, ಮೊದಲು ೧೩೩ ಟಿ. ಎಂ. ಸಿ. ಇದ್ದ ಸಂಗ್ರಹವು ೧೦೫ರ ಸುಮಾರಿಗೆ ಇಳಿಯಿತು. ೨೦೨೪ರ ಆಗಸ್ಟಿನಲ್ಲಿ ಹತ್ತೊಂಬತ್ತನೆಯ ಬಾಗಿಲೇ ಕಿತ್ತುಹೋಯಿತು. ನಿಯಮ ಮೀರಿ ನೀರೆತ್ತಿದುದು ಯಾರಿಗೂ ಕಾಣದೆ ನಡೆದ ಕಾರ್ಯವಲ್ಲ. ಅಧಿಕಾರಿಗಳು ಕಂಡರು, ಪುಢಾರಿಗಳು ಕಂಡರು, ಯಾರೂ ತಡೆಯಲಿಲ್ಲ.

ಇತ್ತ ಮುದಗಲ್ಲಿನ ಎತ್ತರದ ನೆಲಕ್ಕೆ ತುಂಗಭದ್ರೆಯ ಕಾಲುವೆ ಏರಲಾರದು. ಅಲ್ಲಿಯವರ ಆಸೆಯೆಲ್ಲ ಕೃಷ್ಣೆಯ ಮೇಲೆ. ಕೃಷ್ಣಾ ಮೇಲ್ದಂಡೆ ಯೋಜನೆಗೆ ೧೯೬೪ರಲ್ಲಿ ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟರು. ಆ ಅಡಿಗಲ್ಲಿಗೆ ಅರ್ಧ ಶತಮಾನ ಮೀರಿದ ಮೇಲೆಯೂ, ನಾರಾಯಣಪುರ ಬಲದಂಡೆಯ ೫-ಎ ಕಾಲುವೆ ಬೇಕೆಂದು ಮಸ್ಕಿಯ ಕಡೆಯ ರೈತರು ಪಾಮನಕಲ್ಲೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂಡಬೇಕಾಯಿತು. ೨೦೨೧ರ ಮಸ್ಕಿಯ ಉಪಚುನಾವಣೆಯಲ್ಲಿ ಆ ಕಾಲುವೆಯ ಮಾತೇ ಮಾತಾಗಿತ್ತು. ರೈಲಿನ ಕಥೆಯೂ ಹೀಗೆಯೇ. ೧೯೯೭-೯೮ರಲ್ಲಿ ಮಂಜೂರಾದ ಗಿಣಿಗೇರಾ-ಮಹಬೂಬನಗರ ಮಾರ್ಗದಲ್ಲಿ ಸಿಂಧನೂರಿಗೆ ಬಂಡಿ ಬಂದದ್ದು ೨೦೨೪ರಲ್ಲಿ. ನೆಲದಲ್ಲಿ ನೀರು ಕಡಿಮೆಯಿರಬಹುದು. ಆದರೆ ಬರಬೇಕಾದದ್ದು ಇಪ್ಪತ್ತು ಮೂವತ್ತು ವರ್ಷ ತಡೆದಾಗ ಏಕೆಂದು ಕೇಳುವ ದನಿ ಅದಕ್ಕಿಂತಲೂ ಕಡಿಮೆ.

ಇನ್ನು ಹಣವಿಲ್ಲವೆಂದು ಹೇಳುವಂತೆಯೂ ಇಲ್ಲ. ನಂಜುಂಡಪ್ಪನವರ ಸಮಿತಿಯು ಎಂಟು ವರ್ಷಗಳಿಗಾಗಿ ೩೧,೦೦೦ ಕೋಟಿ ರೂಪಾಯಿಗಳ ವಿಶೇಷ ಯೋಜನೆಯನ್ನು ಸೂಚಿಸಿತು. ಸಂವಿಧಾನದ ೩೭೧-ಜೆ ಕಲಮು ೨೦೧೩ರಲ್ಲಿ ಜಾರಿಗೆ ಬಂದು, ಅದರ ಬೆನ್ನಿಗೇ ಅಭಿವೃದ್ಧಿ ಮಂಡಳಿಯು ಸ್ಥಾಪಿತವಾಯಿತು. ೨೦೧೯ರಲ್ಲಿ ಈ ಭಾಗಕ್ಕೆ ಕಲ್ಯಾಣ ಕರ್ನಾಟಕವೆಂಬ ಹೊಸ ಹೆಸರು ದೊರೆಯಿತು. ೨೦೨೪-೨೫ರ ಆಯವ್ಯಯದಲ್ಲಿ ಮಂಡಳಿಗೆ ೫,೦೦೦ ಕೋಟಿ ರೂಪಾಯಿಗಳನ್ನು ಸಾರಲಾಯಿತು. ಹೆಸರು ಬಂತು, ಹಣ ಬಂತು, ಕಾಯಿದೆ ಬಂತು. ಬಾರದೆ ಉಳಿದುದು ಲೆಕ್ಕ ಕೇಳುವ ಜನ.

ಈಗ ನಾವು ಮುಖ್ಯ ವಿಷಯಕ್ಕೆ ಬಂದೆವು. ಈ ಸೀಮೆಯ ಸುಶಿಕ್ಷಿತರು ಎಲ್ಲಿದ್ದಾರೆ? ಅವರ ಸಂಖ್ಯೆ ಈಗ ಅಲ್ಪವಲ್ಲ. ಮುದಗಲ್ ಲಿಂಗಸೂಗೂರುಗಳ ಮನೆಗಳಿಂದ ಡಾಕ್ಟರರೂ ಇಂಜಿನಿಯರರೂ ಪ್ರಾಧ್ಯಾಪಕರೂ ಹೊರಟಿದ್ದಾರೆ. ಹೊರಟಿದ್ದಾರೆಂಬುದೇ ಇಲ್ಲಿಯ ತೊಡಕು. ವಿದ್ಯೆಯು ಇಲ್ಲಿ ಊರನ್ನೆತ್ತುವ ಸನ್ನೆಗೋಲಾಗದೆ ಊರು ಬಿಡುವ ರಹದಾರಿಯಾಗಿದೆ. ೩೭೧-ಜೆ ಕಲಮಿನ ಪ್ರಮಾಣಪತ್ರದಿಂದ ನೌಕರಿ ಹಿಡಿದು, ಮರುವರ್ಷವೇ ರಾಜಧಾನಿಗೆ ವರ್ಗವಾಗಲು ಹವಣಿಸುವವರು ಇಲ್ಲದಿಲ್ಲ. ಹೊರಗಿನಿಂದ ಬಂದ ಅಧಿಕಾರಿಗೆ ಈ ಸೀಮೆ ಶಿಕ್ಷೆಯ ತಾಣ. ಇಲ್ಲಿಯೇ ಹುಟ್ಟಿದವನಿಗೆ ಅದು ಹಬ್ಬಕ್ಕೊಮ್ಮೆ, ಮೊಹರಮ್ಮಿಗೊಮ್ಮೆ ಬಂದುಹೋಗುವ ತವರು. ಓದಿದವರು ತೆರಳಿದ ಸ್ಥಳದಲ್ಲಿ, ಹಾಳೂರಿಗೆ ಉಳಿದವನೇ ಗೌಡನೆಂಬಂತೆ, ಗುತ್ತಿಗೆದಾರನೂ ಅವನ ಬೆನ್ನಿನ ಪುಢಾರಿಯೂ ಮುಂದಾಳುಗಳಾಗುತ್ತಾರೆ. ಪ್ರಶ್ನಿಸಬಲ್ಲವನು ಊರಿನಲ್ಲಿಲ್ಲ, ಊರಿನಲ್ಲಿದ್ದವನು ಪ್ರಶ್ನಿಸಲಾರನು. ಹೀಗಿರುವಲ್ಲಿ ಶಾಸಕನು ಯಾರಿಗೆ ಅಂಜಬೇಕು?

ಇದರ ಫಲವನ್ನು ಅಂಕಿಗಳೇ ಹೇಳುತ್ತವೆ. ರಾಜ್ಯ ಸರಕಾರದ ೨೦೦೫ರ ಮಾನವ ಅಭಿವೃದ್ಧಿ ವರದಿಯಲ್ಲಿ ರಾಯಚೂರು ೨೭ ಜಿಲ್ಲೆಗಳ ಸಾಲಿನಲ್ಲಿ ಕಟ್ಟಕಡೆಯದು. ೨೦೧೧ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ ೭೫ನ್ನು ಮೀರಿರಲು, ರಾಯಚೂರು ಜಿಲ್ಲೆಯದು ೬೦ನ್ನೂ ಮುಟ್ಟಲಿಲ್ಲ. ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಅಕ್ಷರವನ್ನರಿಯದವರು. ಐ. ಐ. ಟಿ.ಯನ್ನು ರಾಯಚೂರಿನಲ್ಲಿ ಸ್ಥಾಪಿಸಬೇಕೆಂದು ನಂಜುಂಡಪ್ಪನವರ ವರದಿಯು ಸೂಚಿಸಿದ್ದಾಗ್ಯೂ, ೨೦೧೬ರಲ್ಲಿ ಅದು ಧಾರವಾಡಕ್ಕೆ ಹೋಯಿತು. ಏಮ್ಸ್ ಆಸ್ಪತ್ರೆ ಬೇಕೆಂದು ೨೦೨೨ರ ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಆರಂಭವಾದ ಧರಣಿಯು ಸಾವಿರ ದಿನಗಳನ್ನು ದಾಟಿತು. ಈ ಬೇಡಿಕೆಗಳು ನ್ಯಾಯವಾದವುಗಳೆಂದು ನಾವು ಮುಕ್ತಕಂಠದಿಂದ ಹೇಳುತ್ತೇವೆ. ಆದರೆ ದೊಡ್ಡ ಸಂಸ್ಥೆಗಾಗಿ ಸಾವಿರ ದಿನ ಕೂಡಬಲ್ಲ ಜನರು, ತಮ್ಮ ಹಳ್ಳಿಯ ಕನ್ಯಾಶಾಲೆಯಲ್ಲಿ ಮಾಸ್ತರರೆಷ್ಟು, ಖಾಲಿ ಸ್ಥಾನಗಳೆಷ್ಟು ಎಂದು ಕೇಳಲು ಒಂದು ದಿನವನ್ನು ಕೊಟ್ಟರೆ ಅದರ ಫಲ ಇನ್ನೂ ಬೇಗನೆ ದೊರೆಯಲಾರದೇ? ಬೇಡುವ ವಿದ್ಯೆ ನಮ್ಮ ಜನಕ್ಕೆ ಬಂದಿದೆ. ಲೆಕ್ಕ ಕೇಳುವ ವಿದ್ಯೆ ಬರಬೇಕಾಗಿದೆ.

ಹಿಂದೆ ಇದೇ ಜಿಲ್ಲೆ ಬೇರೊಂದು ಮಾದರಿಯನ್ನು ಕಂಡಿತ್ತು. ೧೯೨೦ರ ಸುಮಾರಿಗೆ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮದರ್ದ ಶಾಲೆಯನ್ನು ತೆರೆದರು. ಅವರು ಈ ಜಿಲ್ಲೆಯವರಲ್ಲ, ಕರಾವಳಿಯಿಂದ ಬಂದವರು. ಕೈಯಲ್ಲಿ ಅಧಿಕಾರವಿರಲಿಲ್ಲ, ಬೆನ್ನಿಗೆ ಮಂಡಳಿಯ ಕೋಟಿಗಳಿರಲಿಲ್ಲ, ಮೇಲೆ ನಿಜಾಮನ ಸರಕಾರದ ಕಣ್ಣಿತ್ತು. ಕಲಿತ ಮನುಷ್ಯನೊಬ್ಬನು ಒಂದು ಊರಿನಲ್ಲಿ ಬೇರೂರಿ ನಿಂತರೆ ಏನಾಗಬಹುದೆಂಬುದನ್ನು ಅವರು ತೋರಿಸಿದರು.

ಎಲ್ಲರೂ ನೌಕರಿ ಬಿಟ್ಟು ಊರಿಗೆ ಮರಳಬೇಕೆಂದು ನಾವು ಹೇಳುವುದಿಲ್ಲ. ಹೊಟ್ಟೆಯ ಪಾಡಿಗೆ ಪರಸ್ಥಳಕ್ಕೆ ಹೋಗುವುದು ಪಾಪವಲ್ಲ. ನಾವು ಕೇಳುವುದಿಷ್ಟೆ. ಮುದಗಲ್, ಮಸ್ಕಿ, ಲಿಂಗಸೂಗೂರು, ಸಿಂಧನೂರುಗಳಲ್ಲಿ ಹತ್ತು ಹತ್ತು ಜನ ವಕೀಲರು, ಮಾಸ್ತರರು, ವರ್ತಕರು, ನಿವೃತ್ತ ಅಧಿಕಾರಿಗಳು ಪಕ್ಷಭೇದವನ್ನೆಣಿಸದೆ ಒಂದೊಂದು ಮಂಡಲಿಯಾಗಿ ಕೂಡಲಿ. ಅಭಿವೃದ್ಧಿ ಮಂಡಳಿಯ ವಾರ್ಷಿಕ ಯೋಜನೆಯಲ್ಲಿ ತಮ್ಮ ತಾಲೂಕಿಗೆ ಬಂದ ಹಣವೆಷ್ಟು, ಅದರಲ್ಲಿ ಶಾಲೆಗೆಷ್ಟು, ನೀರಿಗೆಷ್ಟು, ಕಲ್ಲು ಗಾರೆಗೆಷ್ಟು ಎಂಬುದನ್ನು ಮಾಹಿತಿ ಹಕ್ಕಿನ ಕಾಯಿದೆಯ ಮೇರೆಗೆ ತರಿಸಿಕೊಂಡು ಪೇಟೆಯ ಚೌಕದಲ್ಲಿ ಎಲ್ಲರಿಗೂ ಕಾಣುವಂತೆ ಬರೆದುಹಾಕಲಿ. ಪರಸ್ಥಳದಲ್ಲಿರುವ ಸುಶಿಕ್ಷಿತರು ಜಾತ್ರೆಯ ವಂತಿಗೆ ಕಳುಹಿಸುವಂತೆ ಈ ಕಾರ್ಯಕ್ಕೂ ತಮ್ಮ ಬುದ್ಧಿಯನ್ನು ಕಳುಹಿಸಲಿ. ಅಧಿಕಾರಿವರ್ಗದವರು ಇಂಥ ಪ್ರಶ್ನೆಗಳನ್ನು ಉಪದ್ರವವೆಂದು ಎಣಿಸದೆ, ತಮ್ಮ ಕೈಯನ್ನು ಬಲಪಡಿಸುವ ಸಹಾಯವೆಂದು ಬಗೆಯಲಿ. ಯಾತಕ್ಕೆಂದರೆ ಪ್ರಾಮಾಣಿಕನಾದ ನೌಕರನಿಗೆ ಪುಢಾರಿಯ ಒತ್ತಾಯದಿಂದ ರಕ್ಷಣೆ ದೊರೆಯುವುದು ಎಚ್ಚತ್ತ ಜನರಿಂದಲೇ ಹೊರತು ಬೇರೆ ಯಾರಿಂದಲೂ ಅಲ್ಲ.

ಕೋಟೆಗಾಗಿ ಕಾದಾಡಿದ ಅರಸರು ಈ ನೆಲದ ಬೆಲೆಯನ್ನು ಬಲ್ಲವರಾಗಿದ್ದರು. ಆ ಬೆಲೆಯನ್ನು ಈಗ ಅರಿಯಬೇಕಾದವರು ಇಲ್ಲಿ ಹುಟ್ಟಿ, ಇಲ್ಲಿಯ ಅನ್ನವನ್ನುಂಡು, ನಾಲ್ಕಕ್ಷರ ಕಲಿತವರು. ಅವರು ಕೇಳತೊಡಗಿದ ದಿನ ಮುಂದಾಳುಗಳು ಉತ್ತರ ಕೊಡತೊಡಗುವರು. ಅಲ್ಲಿಯ ವರೆಗೆ ಆಣೆಕಟ್ಟುಗಳಾಗಲಿ ಕಲಮುಗಳಾಗಲಿ ಕೋಟಿಗಳಾಗಲಿ ಈ ಸೀಮೆಯ ಗುಳೆಯನ್ನು ನಿಲ್ಲಿಸಲಾರವು.